ಕತ್ತರಿಗೆ ಮುನ್ನ ಬೆಳಕು

ಕಳೆದ ವರ್ಷ ಆಷಾಢದ ಒಂದು ಸಂಜೆ. ಹೊರರೋಗಿಗಳ ಸರದಿ ಮುಗಿಯುವ ಹೊತ್ತಿಗೆ ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳೊಬ್ಬಳು ಅತ್ತೆಯ ಜೊತೆ ಬಂದು ನನ್ನೆದುರು ಕುಳಿತಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಬಿಳಿಸೆರಗಿನ ತೊಂದರೆಗೆಂದು ಬೇರೆ ಕಡೆ ತೋರಿಸಿದಾಗ ಪರೀಕ್ಷೆಗಳಾಗಿ, ವರದಿಯಲ್ಲಿ ‘ಸಿಐಎನ್-2’ ಎಂದು ಬಂದಿತ್ತು. ವರದಿಗಳನ್ನು ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ ಅತ್ತೆಯೇ ಮಾತು ಆರಂಭಿಸಿದರು: ‘ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗತ್ತೆ, ಗರ್ಭಕೋಶ ತೆಗೆಸಿಬಿಡಿ ಅಂದ್ರು ಡಾಕ್ಟ್ರಮ್ಮ. ಇನ್ನೂ ಒಂದು ಮಗು ಆಗಿಲ್ಲ, ಏನು ಮಾಡೋದು?’

ಸೊಸೆ ಅಷ್ಟು ಹೊತ್ತು ತಲೆ ತಗ್ಗಿಸಿಯೇ ಇದ್ದಳು. ಆಮೇಲೆ ಮೆಲ್ಲನೆ ಕೇಳಿದಳು: ‘ನನ್ನ ತಮ್ಮ ಫೋನಲ್ಲಿ ನೋಡಿದ್ನಂತೆ ಮೇಡಂ. ಚೀನಾದಲ್ಲಿ ಕುಯ್ಯದೆ, ಬರೀ ಬೆಳಕು ಬಿಟ್ಟು ವಾಸಿ ಮಾಡ್ತಾರಂತೆ. ಹೌದಾ? ನಮಗೂ ಸಿಗತ್ತಾ?’

ಒಂದು ಕಡೆ ಎಲ್ಲವನ್ನೂ ತೆಗೆದುಹಾಕಿಬಿಡಿ ಎಂಬ ಸಲಹೆ. ಇನ್ನೊಂದು ಕಡೆ ಏನನ್ನೂ ಕತ್ತರಿಸದೆ ಗುಣವಾಗಬಹುದೆಂಬ ಆಸೆ. ಅಂದು ನಾನು ಕೊಟ್ಟ ಉತ್ತರಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಆಕೆಯ ಪ್ರಶ್ನೆ ಹತ್ತು ನಿಮಿಷಕ್ಕೆ ಮುಗಿಯುವಂಥದ್ದಲ್ಲ. ಅದು ನಮ್ಮ ಲಕ್ಷಾಂತರ ಮನೆಗಳ ಪ್ರಶ್ನೆ. ಆದ್ದರಿಂದ ಈ ಲೇಖನ.

ಮೊದಲು ಆ ‘ಹುಣ್ಣಿ’ನ ವಿಚಾರ. ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕೊರಳು. ಅದರ ಹೊರಮೈಯ ಜೀವಕೋಶಗಳೂ ಒಳನಾಳದ ಜೀವಕೋಶಗಳೂ ಸಂಧಿಸುವ ಒಂದು ಗಡಿರೇಖೆಯಿದೆ. ಯೌವನದಿಂದ ಮುಟ್ಟು ನಿಲ್ಲುವವರೆಗೂ ಆ ಗಡಿ ಸರಿಯುತ್ತಲೇ ಇರುತ್ತದೆ. ಅಲ್ಲಿನ ಜೀವಕೋಶಗಳು ಸದಾ ರೂಪ ಬದಲಿಸುತ್ತಿರುತ್ತವೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ನೆಲೆಯೂರುವುದು ಇಲ್ಲಿಯೇ. ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಗರ್ಭಕೊರಳಿನ ಕ್ಯಾನ್ಸರ್ ಗೆಡ್ಡೆಗಳಲ್ಲಿ 1983-84ರಲ್ಲಿ ಗುರುತಿಸಿದವರು ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜಗತ್ತಿನ ಗರ್ಭಕೊರಳಿನ ಕ್ಯಾನ್ಸರ್ ಪ್ರಕರಣಗಳಲ್ಲಿ ಹತ್ತಕ್ಕೆ ಸುಮಾರು ಏಳಕ್ಕೆ ಈ ಎರಡು ಬಗೆಗಳೇ ಕಾರಣ.

ಹಾಗೆಂದು ವೈರಸ್ ಸೋಂಕಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಮಹಿಳೆಯರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಒಂದೆರಡು ವರ್ಷಗಳಲ್ಲಿ ಅಡಗಿಸಿಬಿಡುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಮೇಲ್ಪದರದ ಜೀವಕೋಶಗಳನ್ನು ಹಾದಿ ತಪ್ಪಿಸುತ್ತದೆ. ಈ ಹಾದಿ ತಪ್ಪಿದ ಸ್ಥಿತಿಗೆ ಸಿಐಎನ್ ಎಂದು ಹೆಸರು. 1, 2, 3 ಎಂದು ಮೂರು ದರ್ಜೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಪೂರ್ವ ಸ್ಥಿತಿ. ಇಲ್ಲಿಂದ ನಿಜವಾದ ಕ್ಯಾನ್ಸರ್‌ವರೆಗಿನ ಹಾದಿ ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷಗಳಷ್ಟು ಉದ್ದ. ದೇಹ ನಮಗೆ ಇಷ್ಟು ದೀರ್ಘವಾದ ಕಾಲಾವಕಾಶ ಕೊಡುವ ಕ್ಯಾನ್ಸರ್ ಬಹಳ ಇಲ್ಲ.

ಈ ಹಾದಿಯಲ್ಲಿ ಹಿಂದಕ್ಕೆ ಬರುವವರೂ ಇದ್ದಾರೆ. ಸಿಐಎನ್-2 ಇದ್ದು ಚಿಕಿತ್ಸೆಯಿಲ್ಲದೆ ನಿಗಾದಲ್ಲಿದ್ದ ಮಹಿಳೆಯರ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಅವರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ದೋಷ ತಾನಾಗಿಯೇ ಇಳಿದಿತ್ತು. ನೂರಕ್ಕೆ ಹದಿನೆಂಟು ಮಂದಿಯಲ್ಲಿ ಮಾತ್ರ ಮುಂದುವರಿದಿತ್ತು. ಆದರೆ ಇದನ್ನೇ ನಂಬಿ ಸಿಐಎನ್-3ರ ಮುಂದೆ ಕೈಕಟ್ಟಿ ಕೂರುವುದು ಅಪಾಯ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 1966ರಿಂದ ಹರ್ಬರ್ಟ್ ಗ್ರೀನ್ ಎಂಬ ವೈದ್ಯ ಇಂಥ ಮಹಿಳೆಯರಿಗೆ ಸೂಕ್ತ ಚಿಕಿತ್ಸೆ ಕೊಡದೆ ಕೇವಲ ಗಮನಿಸುತ್ತಾ ಹೋದರು. ಅವರಲ್ಲಿ ಅನೇಕರಿಗೆ ತಾವು ಪ್ರಯೋಗಕ್ಕೆ ಒಳಗಾಗಿದ್ದೇವೆಂಬುದೇ ತಿಳಿದಿರಲಿಲ್ಲ. 1987-88ರಲ್ಲಿ ನ್ಯಾಯಾಂಗ ವಿಚಾರಣೆ ನಡೆಯಿತು. 2008ರಲ್ಲಿ ಪ್ರಕಟವಾದ ಲೆಕ್ಕದಂತೆ, ಸರಿಯಾದ ಚಿಕಿತ್ಸೆ ಸಿಗದ ಅಂಥ ಮಹಿಳೆಯರಲ್ಲಿ ಮೂವತ್ತು ವರ್ಷಗಳೊಳಗೆ ನೂರಕ್ಕೆ ಮೂವತ್ತೊಂದು ಮಂದಿಗೆ ಕ್ಯಾನ್ಸರ್ ಬಂದಿತ್ತು. ಅಂದರೆ, ದರ್ಜೆ ಯಾವುದೆಂದು ತಿಳಿಯದೆ ಹೆದರಿಸುವುದೂ ತಪ್ಪು, ಧೈರ್ಯ ಹೇಳುವುದೂ ತಪ್ಪು.

ಹಾಗಾದರೆ ಚಿಕಿತ್ಸೆ ಏನು? ದಶಕಗಳಿಂದ ನಾವು ಮಾಡುತ್ತಾ ಬಂದಿರುವುದು ಎರಡು: ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವುದು, ಇಲ್ಲವೆ ಹೆಪ್ಪುಗಟ್ಟಿಸಿ ಅಥವಾ ಸುಟ್ಟು ನಾಶಪಡಿಸುವುದು. ವಿದ್ಯುತ್ ಹರಿಯುವ ತೆಳುತಂತಿಯ ಕುಣಿಕೆಯಿಂದ ಕೆರೆದು ತೆಗೆಯುವ ‘ಲೀಪ್’ ವಿಧಾನಕ್ಕೆ ಅರ್ಧ ಗಂಟೆ ಸಾಕು. ಹತ್ತರಲ್ಲಿ ಒಂಬತ್ತು ಮಂದಿಗೆ ಅಷ್ಟರಲ್ಲೇ ಗುಣ. ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿ, ಒಳಗೆ ಕ್ಯಾನ್ಸರ್ ಅಡಗಿತ್ತೇ ಎಂಬುದನ್ನೂ ಖಚಿತಪಡಿಸಿಕೊಳ್ಳಬಹುದು. ಇವು ಸಾವಿರಾರು ಜೀವಗಳನ್ನು ಉಳಿಸಿದ ಚಿಕಿತ್ಸೆಗಳು. ಆದರೆ ಅವಕ್ಕೂ ಒಂದು ಬೆಲೆಯಿದೆ. ಆ ಬೆಲೆಯನ್ನು ನಾನು ಪುಸ್ತಕದಿಂದ ಕಲಿತವಳಲ್ಲ.

ತೊಂಬತ್ತರ ದಶಕದ ಕೊನೆ. ನಾನಾಗ ಜಿಲ್ಲಾ ಕೇಂದ್ರವೊಂದರಲ್ಲಿದ್ದೆ. ಇಪ್ಪತ್ತಾರು ವರ್ಷದ ಶಾಲಾ ಶಿಕ್ಷಕಿಯೊಬ್ಬರಿಗೆ ಸಿಐಎನ್-3 ಎಂದು ತಿಳಿದಾಗ, ಗರ್ಭಕೊರಳಿನ ಒಂದು ಭಾಗವನ್ನು ಶಂಕುವಿನ ಆಕಾರದಲ್ಲಿ ಕತ್ತರಿಸಿ ತೆಗೆದೆ. ವರದಿ ಸ್ವಚ್ಛವಾಗಿ ಬಂತು. ಆಕೆ ಸಿಹಿ ತಂದುಕೊಟ್ಟರು. ಎರಡು ವರ್ಷಗಳ ಬಳಿಕ ಗರ್ಭಿಣಿಯಾಗಿ ಬಂದರು. ಇಪ್ಪತ್ತೆರಡನೆಯ ವಾರದಲ್ಲಿ ಒಂದು ರಾತ್ರಿ, ನೋವೂ ಇಲ್ಲದೆ ಗರ್ಭಕೊರಳು ತೆರೆದುಕೊಂಡಿತು. ಮಗು ಉಳಿಯಲಿಲ್ಲ. ಬೆಳಗಿನ ರೌಂಡ್ಸ್‌ನಲ್ಲಿ ಆಕೆ ಕೇಳಿದ್ದು ಒಂದೇ ಮಾತು: ‘ಅವತ್ತು ಕುಯ್ದಿದ್ದಕ್ಕೇ ಹೀಗಾಯ್ತಾ ಮೇಡಂ?’

ಖಚಿತವಾಗಿ ಹೇಳಲಾರೆ ಎಂದೆ. ಇಂದು ಕೇಳಿದರೂ ಅದೇ ಉತ್ತರ. ಆದರೆ ಗರ್ಭಕೊರಳು ಒಂಬತ್ತು ತಿಂಗಳು ಮಗುವನ್ನು ಒಳಗೆ ಹಿಡಿದಿಡುವ ಬಾಗಿಲು. ಕತ್ತರಿಸುವ ಚಿಕಿತ್ಸೆಯ ನಂತರ ಅವಧಿಪೂರ್ವ ಹೆರಿಗೆಯ ಸಂಭವ ಸುಮಾರು ಎರಡು ಪಟ್ಟಾಗುತ್ತದೆ, ಕತ್ತರಿಸಿದ ಆಳ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ ಎಂಬುದು ನಂತರದ ದೊಡ್ಡ ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ಆ ಶಿಕ್ಷಕಿಗೆ ಮುಂದಿನ ಬಸಿರಿನಲ್ಲಿ ಗರ್ಭಕೊರಳಿಗೆ ಹೊಲಿಗೆ ಹಾಕಿ ಎಂಟನೆಯ ತಿಂಗಳವರೆಗೆ ಕಾಪಾಡಿದೆವು, ಹೆಣ್ಣುಮಗು ಬದುಕಿತು. ಅಂದಿನ ನನ್ನ ಚಿಕಿತ್ಸೆ ತಪ್ಪಾಗಿರಲಿಲ್ಲ. ಆದರೂ ಕತ್ತರಿಸದೆ ಗುಣಪಡಿಸುವ ದಾರಿ ಇರಬಾರದೇ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ಬೆಳಕಿನ ಚಿಕಿತ್ಸೆಯ ಸುದ್ದಿ ಓದಿದಾಗಲೆಲ್ಲ ಆ ಬೆಳಗು ನೆನಪಾಗುತ್ತದೆ.

ಬೆಳಕನ್ನು ಔಷಧದೊಡನೆ ಬೆರೆಸುವ ಆಲೋಚನೆ ನಮಗೆ ಹೊಸತೇನಲ್ಲ. ತೊನ್ನಿಗೆ ಬಾಕುಚಿ, ಅಂದರೆ ಬಾವಂಚಿ ಬೀಜವನ್ನು ಬಳಸಿ ಬಿಸಿಲಿಗೆ ಮೈಯೊಡ್ಡುವ ಪದ್ಧತಿ ಈ ನೆಲದಲ್ಲಿ ಬಹಳ ಹಿಂದಿನಿಂದ ಇದೆ. ಆಧುನಿಕ ವಿಜ್ಞಾನಕ್ಕೆ ಇದರ ಸುಳಿವು ಸಿಕ್ಕಿದ್ದು 1900ರ ಸುಮಾರಿಗೆ, ಮ್ಯೂನಿಚ್ ನಗರದಲ್ಲಿ. ಆಸ್ಕರ್ ರಾಬ್ ಎಂಬ ವೈದ್ಯ ವಿದ್ಯಾರ್ಥಿ ಅಕ್ರಿಡಿನ್ ಎಂಬ ರಾಸಾಯನಿಕವನ್ನು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳ ಮೇಲೆ ಪ್ರಯೋಗಿಸುತ್ತಿದ್ದ. ಕತ್ತಲಲ್ಲಿ ಬದುಕುಳಿದ ಜೀವಿಗಳು ಬೆಳಕಿನಲ್ಲಿ ಬೇಗ ಸತ್ತವು. ಔಷಧವೊಂದೇ ಕೊಲ್ಲಲಿಲ್ಲ, ಬೆಳಕೊಂದೇ ಕೊಲ್ಲಲಿಲ್ಲ. ಎರಡೂ ಸೇರಿದಾಗ ಕೊಂದವು. ಅವನ ಗುರು ಹರ್ಮನ್ ಫಾನ್ ಟಾಪೈನರ್ ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂದು ಕಂಡುಕೊಂಡು, ‘ಫೋಟೋಡೈನಮಿಕ್’ ಎಂಬ ಹೆಸರು ಕೊಟ್ಟರು. 1970ರ ದಶಕದಲ್ಲಿ ಅಮೆರಿಕದ ಬಫೆಲೋ ನಗರದಲ್ಲಿ ಥಾಮಸ್ ಡೌಗರ್ಟಿ ಇದನ್ನು ಕ್ಯಾನ್ಸರ್ ರೋಗಿಗಳಿಗೆ ಒದಗಿಸುವ ಕೆಲಸಕ್ಕೆ ತೊಡಗಿದರು. ಆದರೆ ಆಗಿನ ಔಷಧವನ್ನು ರಕ್ತನಾಳಕ್ಕೆ ಕೊಡಬೇಕಿತ್ತು. ಅದು ಚರ್ಮದಲ್ಲೂ ಉಳಿಯುತ್ತಿದ್ದುದರಿಂದ ರೋಗಿ ವಾರಗಟ್ಟಲೆ ಬಿಸಿಲಿಗೆ ಹೋಗುವಂತಿರಲಿಲ್ಲ. ಹೊಲದಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇಂಥ ಪಥ್ಯ ಹೇಳುವುದು ಸಾಧ್ಯವೇ?

ಗರ್ಭಕೊರಳಿನಲ್ಲಿ ಈಗ ಪರೀಕ್ಷೆಗೆ ಒಳಗಾಗಿರುವ ವಿಧಾನ ಇದಕ್ಕಿಂತ ಜಾಣತನದ್ದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ‘ಹೀಮ್’ ತಯಾರಿಸಲು ನಮ್ಮ ದೇಹವೇ ಬಳಸುವ ಒಂದು ಕಚ್ಚಾವಸ್ತುವಿದೆ, ಅಮೈನೋಲೆವ್ಯುಲಿನಿಕ್ ಆಮ್ಲ. ಅದನ್ನೋ ಅದರ ಹತ್ತಿರದ ಸಂಬಂಧಿಯನ್ನೋ ಮುಲಾಮಿನ ರೂಪದಲ್ಲಿ ಹಚ್ಚಿದರೆ, ಜೀವಕೋಶಗಳು ಅದನ್ನು ಪ್ರೋಟೋಪಾರ್ಫಿರಿನ್ ಎಂಬ ವರ್ಣದ್ರವ್ಯವಾಗಿ ಮಾರ್ಪಡಿಸುತ್ತವೆ. ಹಾದಿ ತಪ್ಪಿದ ಜೀವಕೋಶಗಳಲ್ಲಿ ಅದು ಹೆಚ್ಚು ಶೇಖರವಾಗುತ್ತದೆ. ಆಗ ಸುಮಾರು 630 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಹಾಯಿಸಿದರೆ, ವರ್ಣದ್ರವ್ಯ ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ತಾನು ಹುಟ್ಟಿದ ಜೀವಕೋಶವನ್ನೇ ಸುಡುತ್ತದೆ. ಅದರ ಆಯುಷ್ಯ ಎಷ್ಟು ಅಲ್ಪವೆಂದರೆ ದೂರ ಹೋಗಿ ಹಾನಿ ಮಾಡಲು ಅದಕ್ಕೆ ಸಮಯವಿಲ್ಲ. ಮೇಲ್ಪದರ ಉದುರಿ ಹೊಸತು ಬೆಳೆಯುತ್ತದೆ. ಬಾಗಿಲನ್ನು ಗಟ್ಟಿಯಾಗಿಡುವ ಒಳಗಿನ ನಾರಿನ ಅಂಗಾಂಶ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಲೇಸರ್‌ನಿಂದ ಸುಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಇದು. ಇಲ್ಲಿ ಕೆಲಸ ಮಾಡುವುದು ಬಿಸಿಯಲ್ಲ.

ಜರ್ಮನಿಯ ಹ್ಯಾನೋವರ್‌ನ ಪೀಟರ್ ಹಿಲೆಮಾನ್ಸ್ ಮತ್ತು ಸಂಗಡಿಗರು ಇಂಥ ಮುಲಾಮನ್ನು ಪರೀಕ್ಷಿಸಿ 2015ರ ಸುಮಾರಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಸಿಐಎನ್-2 ಇದ್ದ 19 ಮಂದಿಯ ಪೈಕಿ 18 ಮಂದಿಯಲ್ಲಿ ಮೂರು ತಿಂಗಳಲ್ಲಿ ದೋಷ ಇಳಿದಿತ್ತು. ಕೇಳಿದರೆ ಪವಾಡದಂತಿದೆ. ಆದರೆ ಹುಸಿ ಔಷಧ ಪಡೆದ 21 ಮಂದಿಯಲ್ಲೂ 12 ಮಂದಿ ಸುಧಾರಿಸಿದ್ದರು ಎಂಬುದನ್ನು ಮರೆಯಬಾರದು. ಆಮೇಲೆ ಚೀನಾ ಮತ್ತು ಯುರೋಪಿನ ಆಸ್ಪತ್ರೆಗಳಲ್ಲಿ ಸುಮಾರು 400 ಮಹಿಳೆಯರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅಲ್ಲಿ ಬಳಸಿದ್ದು ಗರ್ಭಕೊರಳಿಗೆ ಟೋಪಿಯಂತೆ ಕೂರುವ ಪುಟ್ಟ ಸಾಧನ. ಅದರಲ್ಲೇ ಮುಲಾಮು, ಅದರಲ್ಲೇ ಎಲ್‌ಇಡಿ ದೀಪ. ವೈದ್ಯರು ಅದನ್ನು ಕೂರಿಸಿದರೆ ಮಹಿಳೆ ಎದ್ದು ಮನೆಗೆ ಹೋಗಬಹುದು. ಔಷಧ ಹೀರಿಕೊಳ್ಳಲು ಕೆಲವು ಗಂಟೆ, ನಂತರ ತಾನಾಗಿ ಹೊತ್ತಿಕೊಳ್ಳುವ ಕೆಂಪು ಬೆಳಕು ಮತ್ತೆ ಕೆಲವು ಗಂಟೆ. ಎಲ್ಲ ಮುಗಿದ ಮೇಲೆ ಆಕೆಯೇ ಅದನ್ನು ತೆಗೆದುಹಾಕಬಹುದು. ಅರಿವಳಿಕೆಯಿಲ್ಲ, ಹೊಲಿಗೆಯಿಲ್ಲ.

ಫಲಿತಾಂಶ ಹೊರಬಂದದ್ದು 2024ರಲ್ಲಿ. ಆರು ತಿಂಗಳ ನಂತರ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 41 ಮಂದಿ ಸುಧಾರಿಸಿದ್ದರು. ಹುಸಿ ಚಿಕಿತ್ಸೆ ಪಡೆದವರಲ್ಲಿ ಸುಮಾರು 22 ಮಂದಿ. ಬೆಳಕು ಕೆಲಸ ಮಾಡುತ್ತದೆ ಎಂಬುದಕ್ಕೆ ಇದು ಪುರಾವೆ. ಆದರೆ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಸಾಲಲಿಲ್ಲ ಎಂಬುದೂ ಅಷ್ಟೇ ಸತ್ಯ. ಕತ್ತರಿಸುವ ವಿಧಾನದ ಗುಣದೊಡನೆ ಹೋಲಿಸಿದರೆ ಇದು ಕಡಿಮೆಯೇ. ಜೊತೆಗೆ ಇಲ್ಲಿ ಪರೀಕ್ಷೆಗೆ ಕಳಿಸಲು ತುಣುಕು ಸಿಗುವುದಿಲ್ಲ. ಹೀಗಾಗಿ ದೋಷ ನಾಳದ ಒಳಕ್ಕೆ ಹರಡಿದ್ದರೆ ಅಥವಾ ಕ್ಯಾನ್ಸರ್ ಇರಬಹುದೆಂಬ ಸಣ್ಣ ಸಂಶಯವಿದ್ದರೂ ಇದಕ್ಕೆ ಕೈಹಾಕುವಂತಿಲ್ಲ. ಮಗು ಬೇಕೆನ್ನುವ, ಪೂರ್ತಿ ದೋಷ ಕಣ್ಣಿಗೆ ಕಾಣುವ, ತಪ್ಪದೆ ಮರುಪರೀಕ್ಷೆಗೆ ಬರಬಲ್ಲ ಯುವತಿಗೆ ಇದು ನಾಳೆಯ ಒಳ್ಳೆಯ ಆಯ್ಕೆಯಾಗಬಹುದು. ಎಲ್ಲರಿಗೂ ಒಗ್ಗುವ ಸಂಜೀವಿನಿ ಮಾತ್ರ ಅಲ್ಲ.

ಈ ಬೆಳಕಿನ ಕನಸಿನಿಂದ ನಮ್ಮ ನೆಲಕ್ಕೆ ಇಳಿದು ನೋಡಿದರೆ ಕಾಣುವುದೇನು? ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುತ್ತಿದೆ; 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಕ್ಕಪಕ್ಕ ಇಟ್ಟು ಓದಬೇಕಾದ ಎರಡು ಅಂಕಿಗಳಿವೆ. 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, 1.9 ಮಂದಿ. 15ರಿಂದ 49 ವರ್ಷದವರಲ್ಲಿ ಗರ್ಭಕೋಶವನ್ನೇ ತೆಗೆಸಿಕೊಂಡವರು ನೂರಕ್ಕೆ 3.3 ಮಂದಿ. ಅಂದರೆ ನಾವು ನೋಡಿದ್ದಕ್ಕಿಂತ ಕತ್ತರಿಸಿದ್ದೇ ಹೆಚ್ಚು!

ಇದು ಬರೀ ಅಂಕಿಯ ಆಟವಲ್ಲ. ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಭಯ ಹುಟ್ಟಿಸಿ, ಖಾಸಗಿ ಆಸ್ಪತ್ರೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ತೆಗೆದ ಸಂಗತಿ 2015ರಲ್ಲಿ ಬಯಲಾಯಿತು. ಅವರಲ್ಲಿ ಅನೇಕರು ನಲವತ್ತೂ ತುಂಬದವರು. ಇಂಥ ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಬಡ ಹೆಂಗಸಿನ ಗರ್ಭಕೋಶ ಮಕ್ಕಳಾದ ಮೇಲೆ ಬೇಡದ ವಸ್ತು ಎಂಬ ಭಾವನೆ ನಮ್ಮ ವೃತ್ತಿಯೊಳಗೂ ಇದೆ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ಮೊಣಕಾಲು ಸವೆದು, ಸೊಂಟ ಹಿಡಿದು, ನಲವತ್ತಕ್ಕೇ ಮುದುಕಿಯರಂತೆ ಬಂದು ಕೂರುವ ಎಷ್ಟೋ ಮಂದಿ ‘ಗರ್ಭಕೋಶ ತೆಗೆಸಿದಾಗಿನಿಂದ ಹೀಗೆ’ ಎನ್ನುತ್ತಾರೆ. ಅಂಡಾಶಯವನ್ನು ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳು ಬೇಗನೆ ಬರಬಹುದು ಎಂಬುದನ್ನು ಅವರಿಗೆ ಮೊದಲೇ ಯಾರೂ ಹೇಳಿರುವುದಿಲ್ಲ.

ಏನನ್ನೂ ನೋಡದಿರುವುದು ಮತ್ತು ಎಲ್ಲವನ್ನೂ ತೆಗೆದುಹಾಕುವುದು, ಇವೆರಡರ ನಡುವೆ ವಿಶಾಲವಾದ ಒಂದು ಜಾಗವಿದೆ. ಅದನ್ನು ತುಂಬಲು ಚೀನಾದ ಸಾಧನ ಬರುವವರೆಗೆ ಕಾಯಬೇಕಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿ ಮತ್ತು ತಂಡದವರು ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರ ನಡುವೆ ನಡೆಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹತ್ತನೆಯ ತರಗತಿ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ಗರ್ಭಕೊರಳಿಗೆ ವಿನೆಗರ್‌ನಂಥ ತೆಳು ಅಸಿಟಿಕ್ ಆಮ್ಲ ಹಚ್ಚಿ ನೋಡಲು ಕಲಿಸಿದರು. ಒಂದು ನಿಮಿಷದಲ್ಲಿ ಕೆಟ್ಟ ಭಾಗ ಬೆಳ್ಳಗೆ ತೋರುತ್ತದೆ. ಇಷ್ಟರಿಂದಲೇ ಗರ್ಭಕೊರಳಿನ ಕ್ಯಾನ್ಸರ್ ಸಾವುಗಳು ನೂರಕ್ಕೆ 31ರಷ್ಟು ತಗ್ಗಿದವು. ಕೈಯಲ್ಲಿ ಹಿಡಿಯುವ, ಬ್ಯಾಟರಿಯಿಂದ ನಡೆಯುವ ಉಪಕರಣದಿಂದ ಸುಮಾರು 100 ಡಿಗ್ರಿ ಶಾಖವನ್ನು ಅರ್ಧ ನಿಮಿಷ ತಾಗಿಸಿ ಮೇಲ್ಪದರದ ದೋಷ ನಿವಾರಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಮಾಡಲು ಯಾವ ಅಡ್ಡಿ? 2022ರಲ್ಲಿ ನಮ್ಮಲ್ಲೇ ತಯಾರಾದ ಎಚ್‌ಪಿವಿ ಲಸಿಕೆಗೆ ಅನುಮತಿ ಸಿಕ್ಕಿತು. ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ. ಇವೆರಡೂ ಒಂದೇ ಮನೆಯಲ್ಲಿ ಒಟ್ಟಿಗೇ ಆಗಬೇಕಾದ ಕೆಲಸ.

ಓದುವ ಪ್ರತಿಯೊಬ್ಬರಲ್ಲೂ ನನ್ನದೊಂದು ವಿನಂತಿ. ನಿಮ್ಮ ಮನೆಯವರಿಗೋ, ನಿಮ್ಮ ಮನೆಗೆಲಸಕ್ಕೆ ಬರುವವರಿಗೋ ಯಾರಾದರೂ ‘ಗರ್ಭಕೋಶ ತೆಗೆಸಿ, ಇಲ್ಲವಾದರೆ ಕ್ಯಾನ್ಸರ್’ ಎಂದರೆ ಮೂರು ಪ್ರಶ್ನೆ ಕೇಳಿ. ಬಯಾಪ್ಸಿ ಆಗಿದೆಯೇ, ದರ್ಜೆ ಯಾವುದು? ಕಾಲ್ಪೋಸ್ಕೋಪ್ ಇಟ್ಟು ದೋಷವನ್ನು ಪೂರ್ತಿ ನೋಡಿದ್ದಾರೆಯೇ? ಗರ್ಭಕೋಶ ಉಳಿಸಿಕೊಂಡು ಮಾಡುವ ಚಿಕಿತ್ಸೆ ಈ ದರ್ಜೆಗೆ ಏಕೆ ಆಗದು? ಒಳ್ಳೆಯ ವೈದ್ಯರಿಗೆ ಇದರಿಂದ ಬೇಸರವಾಗುವುದಿಲ್ಲ.

ಆ ಹೆಣ್ಣುಮಗಳಿಗೆ ಅಂದು ನಾನು ಹೇಳಿದ್ದು ಇಷ್ಟು: ‘ಬೆಳಕಿನ ಸುದ್ದಿ ನಿಜ ಕಣಮ್ಮ. ಆದರೆ ಅದು ನನ್ನ ಹತ್ತಿರ ಇಲ್ಲ. ಗರ್ಭಕೋಶ ತೆಗೆಯುವ ಅಗತ್ಯವೂ ಇಲ್ಲ. ಮೊದಲು ಸರಿಯಾಗಿ ನೋಡೋಣ.’ ಕಾಲ್ಪೋಸ್ಕೋಪ್ ಎಂದರೆ ಒಂದು ಭೂತಗನ್ನಡಿ, ಒಂದು ಪ್ರಖರ ದೀಪ. ಅದರಡಿ ದೋಷದ ಅಂಚು ಪೂರ್ತಿ ಕಾಣಿಸಿತು. ಬಯಾಪ್ಸಿಯನ್ನು ಮತ್ತೊಬ್ಬ ತಜ್ಞರೂ ಓದಿ ಸಿಐಎನ್-2 ಎಂದೇ ಖಚಿತಪಡಿಸಿದರು. ಆರು ತಿಂಗಳು ನಿಗಾದಲ್ಲಿಡುವುದು, ಹೆಚ್ಚಿದರೆ ಮಾತ್ರ ಚಿಕಿತ್ಸೆ ಎಂದು ಮೂವರೂ ಕೂತು ನಿರ್ಧರಿಸಿದೆವು. ಸಂಕ್ರಾಂತಿ ಕಳೆದ ಮೇಲೆ ಬಂದಾಗ ಬಿಳಿ ಮಚ್ಚೆ ಅರ್ಧಕ್ಕೆ ಇಳಿದಿತ್ತು. ಇನ್ನೂ ಪೂರ್ತಿ ಹೋಗಿಲ್ಲ, ನಿಗಾ ಮುಂದುವರಿದಿದೆ.

ಅವಳು ಎದ್ದು ಸೀರೆ ಸರಿಪಡಿಸಿಕೊಳ್ಳುತ್ತಿದ್ದಾಗ ಅತ್ತೆ ಬಾಗಿಲ ಬಳಿಯೇ ನಿಂತಿದ್ದರು. ಐವತ್ತರ ಆಸುಪಾಸು, ಮೂರು ಹೆತ್ತವರು, ಹೆರಿಗೆಯ ಹೊರತು ಯಾವ ವೈದ್ಯರೂ ಅವರನ್ನು ಪರೀಕ್ಷಿಸಿರಲಿಲ್ಲ. ಸ್ವಲ್ಪ ತಡೆದು, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಕೇಳಿದರು: ‘ಹಂಗಾರೆ ನನಗೂ ಒಂದ್ಸಲ ನೋಡಿಬಿಡ್ತೀರಾ ಡಾಕ್ಟ್ರಮ್ಮ?’